ಟ್ರಾನ್ಸ್ ಸಂಗೀತ ಕೇಳೋದು ಹೇಗೆ? ನನಗೆ ಬರೀ ಡಬ್ ಡಬ್ ಅಷ್ಟೇ ಕೇಳಿಸುತ್ತಿದೆ

ಆಲ್ದೂರ್ ರೈಟರ್ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ಇಲ್ಲಿ ಹಳೇ ಸಿನಿಮಾ ಹಾಡು, ಭಾವಗೀತೆಯ ಚರ್ಚೆಯೇ ಜಾಸ್ತಿ. ನನ್ನದು ಸ್ವಲ್ಪ ಬೇರೆ ಪ್ರಶ್ನೆ. ಬೈಯಬೇಡಿ.

ಆಲ್ದೂರು ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ಹಗಲೆಲ್ಲ ಆಳುಗಳ ಹಾಜರಿ, ಕೊಯ್ಲಿನ ತೂಕ. ಸಂಜೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಹತ್ತಿರ ನಿಲ್ಲಬೇಕು. ಊಟ ಆದ ಮೇಲೆ ಮಾತ್ರ ಪುರುಸೊತ್ತು. ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಹಬ್ಬಕ್ಕೆ ಬಂದಾಗ ಒಂದು ಪೆನ್‌ಡ್ರೈವ್ ತುಂಬ ಟ್ರಾನ್ಸ್, ಅಂದರೆ ಕ್ಲಬ್‌ಗಳಲ್ಲಿ ಕುಣಿಯಲು ಹಾಕುವ ಎಲೆಕ್ಟ್ರಾನಿಕ್ ಸಂಗೀತ, ಹಾಕಿಕೊಟ್ಟ. 'ಕೇಳು, ಮಂಡೆ ಹಾರಿಹೋಗುತ್ತೆ' ಅಂದ. ಮಂಡೆ ಬಿಸಿ ಆಗಿದ್ದು ನಿಜ.

ಒಂದೊಂದು ಟ್ರ್ಯಾಕ್ ಏಳೆಂಟು ನಿಮಿಷ. ಮೊದಲ ಒಂದು ನಿಮಿಷ ಬರೀ ಡಬ್ ಡಬ್. ಹಾಡೋರು ಇಲ್ಲ, ಪಲ್ಲವಿ ಇಲ್ಲ, ಚರಣ ಇಲ್ಲ. ಎಲ್ಲಿ ಗಮನ ಇಡಬೇಕು ಅಂತಲೇ ಗೊತ್ತಾಗುವುದಿಲ್ಲ. ಆದರೂ ಅಲ್ಲೊಂದು ಇಲ್ಲೊಂದು ಕಡೆ, ಬೀಟ್ ನಿಂತು ಏನೋ ಒಂದು ಮೇಲೆದ್ದು ಬರುತ್ತದಲ್ಲ, ಆಗ ಮೈ ಜುಂ ಅನ್ನುತ್ತದೆ. ಅದಕ್ಕೇ ಪೂರ್ತಿ ಬಿಟ್ಟುಬಿಡಲು ಮನಸ್ಸಿಲ್ಲ.

ಇದನ್ನು ಸೀರಿಯಸ್ಸಾಗಿ ಕೇಳೋರು ನಮ್ಮ ಕಡೆ ಯಾರಾದರೂ ಇದ್ದೀರಾ? ಎಲ್ಲಿಂದ ಶುರು ಮಾಡಬೇಕು? ಕುಣಿಯದೆ ಸುಮ್ನೆ ಕೂತು ಕೇಳಬಹುದಾ? ಇನ್ನೊಂದು. ಇದು ನಮ್ಮ ಅತ್ತಿಗೆಯ ಪ್ರಶ್ನೆ. 'ಹೋಂಸ್ಟೇಗಳಲ್ಲಿ ಶನಿವಾರ ರಾತ್ರಿ ಗುದ್ದುತ್ತಾರಲ್ಲ, ಅದೇ ಅಲ್ವಾ ಇದು? ಗಾಂಜಾ ಹೊಡೆಯೋರ ಸಂಗೀತ ನಿನಗ್ಯಾಕೆ' ಅಂತ ಕೇಳುತ್ತಾರೆ. ಏನು ಹೇಳಲಿ?

ನಾನು ಕೇಳೋದು ಮೊಬೈಲ್‌ನಲ್ಲಿ. ಕೆಲವು ಸಲ ಸಣ್ಣ ಬ್ಲೂಟೂತ್ ಸ್ಪೀಕರ್.


ಮಂಜ್ರಾಬಾದ್ (ಸಕಲೇಶಪುರ)

ಜಿಮ್‌ಗೆ ಹೋಗುವಾಗ ಹಾಕ್ಕೊಳ್ಳಿ ಗುರುವೇ. ಅದಕ್ಕಿಂತ ಜಾಸ್ತಿ ಯೋಚನೆ ಮಾಡಬೇಡಿ.


ಸೌಂಡ್ ಬಾಕ್ಸ್ (ಹಾಸನ)

ರೈಟರ್ ಅವರೇ, ಇದ್ದೀವಿ. ನಾನು ಹಾಸನದಲ್ಲಿ ಮೈಕ್ ಸೆಟ್ಟು, ಲೈಟಿಂಗು ಬಾಡಿಗೆಗೆ ಕೊಡುವವನು. ಮದುವೆ, ನಾಮಕರಣ, ಗಣಪತಿ, ರಾಜಕೀಯದವರ ಸಭೆ ಎಲ್ಲ ಆಗುತ್ತದೆ. ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಂತೂ ನಮಗೆ ನಿದ್ದೆಯೇ ಇರಲ್ಲ. ಹೊಟ್ಟೆಪಾಡಿಗೆ ಹಾಕುವ ಹಾಡು ಬೇರೆ. ಶಟರ್ ಎಳೆದ ಮೇಲೆ ನಾನು ಕೇಳುವುದು ಬೇರೆ. ಮೆಜೆಸ್ಟಿಕ್‌ನಲ್ಲಿ ಎಂಪಿತ್ರೀ ಸಿಡಿ ರಾಶಿ ಹಾಕಿ ಮಾರುತ್ತಿದ್ದ ಕಾಲದಿಂದ ಟ್ರಾನ್ಸ್ ಕೇಳುತ್ತಿದ್ದೇನೆ.

ನಿಮ್ಮ ತೊಂದರೆ ನನಗೆ ಅರ್ಥ ಆಯಿತು. ನೀವು ಬೀಟ್‌ಗೆ ಕಿವಿ ಕೊಡುತ್ತಿದ್ದೀರಿ. ಬೀಟ್ ಇರುವುದು ಲೆಕ್ಕಕ್ಕೆ. ಅದನ್ನು ಕಾಲಿಗೆ ಬಿಟ್ಟುಬಿಡಿ. ಕಿವಿ ಅದರ ಮೇಲೆ ಏನು ಸೇರಿತು, ಏನು ಕಳಚಿತು ಅಂತ ನೋಡುತ್ತಿರಲಿ.

ಹೇಗೆ ಅಂದರೆ, ಟ್ರಾನ್ಸ್‌ನಲ್ಲಿ ಕಿಕ್ ಡ್ರಮ್, ಅಂದರೆ ನಿಮ್ಮ ಆ ಡಬ್ ಡಬ್, ಒಂದೇ ಸಮ ಬೀಳುತ್ತಿರುತ್ತದೆ. ನಿಮಿಷಕ್ಕೆ ಹೆಚ್ಚುಕಮ್ಮಿ 130ರಿಂದ 140 ಸಲ. ನಮ್ಮಂಥ ಹಳಬರಿಗೆ 138 ಅಂದರೆ ಪ್ರಾಣ. ನಾಲ್ಕು ಬಡಿತಕ್ಕೆ ಒಂದು ಬಾರ್. ಎಂಟು ಬಾರ್ ಆದಾಗ, ಅಂದರೆ 32 ಬಡಿತ ಮುಗಿದಾಗ, ಸಾಮಾನ್ಯವಾಗಿ ಏನಾದರೊಂದು ಬರುತ್ತದೆ ಅಥವಾ ಹೋಗುತ್ತದೆ. 138ರ ವೇಗದಲ್ಲಿ ಅದಕ್ಕೆ ಸುಮಾರು 14 ಸೆಕೆಂಡ್ ಹಿಡಿಯುತ್ತದೆ. ಒಂದು ಸಲ ಹೈ-ಹ್ಯಾಟ್, ಅಂದರೆ ಡ್ರಮ್ ಸೆಟ್ಟಿನ ತಾಳದ ಚಿಸ್ ಚಿಸ್, ಸೇರುತ್ತದೆ. ಇನ್ನೊಂದು ಸಲ ಬೇಸ್, ಅಂದರೆ ತಗ್ಗಿನ ಸ್ವರ. ಆ ಬೇಸ್ ಕಿಕ್ ಮೇಲೆ ಕೂರುವುದಿಲ್ಲ, ಎರಡು ಕಿಕ್‌ಗಳ ನಡುವಿನ ಸಂದಿಯಲ್ಲಿ ಕೂರುತ್ತದೆ. ಅದಕ್ಕೇ ಓಡುತ್ತಿರುವ ಹಾಗೆ ಅನಿಸುವುದು. ಆಮೇಲೆ ಹಿಂದೆಲ್ಲೋ ಸಣ್ಣ ಸ್ವರದ ತುಣುಕು ಮಂಕಾಗಿ ಬರುತ್ತದೆ. ಫಿಲ್ಟರ್ ಹಾಕಿ ಅದರ ಮೇಲುಸ್ತರವನ್ನು ಕತ್ತರಿಸಿರುತ್ತಾರೆ. ಫಿಲ್ಟರ್ ಸ್ವಲ್ಪ ಸ್ವಲ್ಪವೇ ತೆರೆಯುತ್ತಾ ಹೋದ ಹಾಗೆ ಅದೇ ತುಣುಕು ಬೆಳಗುತ್ತಾ ಬರುತ್ತದೆ. ಸ್ವರ ಬದಲಾಗಿರುವುದಿಲ್ಲ. ಬಣ್ಣ ಬದಲಾಗಿರುತ್ತದೆ. ಇದನ್ನು ಹಿಡಿದರೆ ನಿಮಗೆ ಎಂಟು ನಿಮಿಷ ಕಮ್ಮಿ ಅನಿಸುತ್ತದೆ.

ಶುರುವಿನ ಒಂದು ನಿಮಿಷ ಬರೀ ಡಬ್ ಡಬ್ ಯಾಕೆ ಅಂದಿರಿ. ಅದು ಡಿಜೆಯ ಅನುಕೂಲಕ್ಕೆ. ಹಿಂದಿನ ಟ್ರ್ಯಾಕ್ ಮುಗಿಯುವ ಮೊದಲೇ ಮುಂದಿನದನ್ನು ಅದರ ಮೇಲೆ ಕೂರಿಸಬೇಕು. ಎರಡರ ಕಿಕ್ಕೂ ಒಟ್ಟಿಗೆ ಬೀಳಬೇಕು. ಎರಡೂ ಕಡೆ ರಾಗ ಇದ್ದರೆ ಒಂದಕ್ಕೊಂದು ಹೊಡೆದಾಡುತ್ತವೆ. ಅದಕ್ಕೆ ತಲೆಗೂ ಬಾಲಕ್ಕೂ ಬರೀ ತಾಳ ಬಿಟ್ಟಿರುತ್ತಾರೆ. ಆದ್ದರಿಂದ ಬಿಡಿ ಟ್ರ್ಯಾಕ್‌ಗಿಂತ, ಹೀಗೆ ಒಂದರ ಮೇಲೊಂದು ಕೂರಿಸಿದ ಒಂದೋ ಎರಡೋ ಗಂಟೆಯ ಮಿಕ್ಸ್ ಕೇಳುವುದು ಒಳ್ಳೆಯದು. ನೆದರ್‌ಲ್ಯಾಂಡ್ಸ್‌ನ ಡಿಜೆ ಅರ್ಮಿನ್ ವಾನ್ ಬ್ಯೂರೆನ್ 2001ರಿಂದ ವಾರ ವಾರ ನಡೆಸುತ್ತಿರುವ 'ಎ ಸ್ಟೇಟ್ ಆಫ್ ಟ್ರಾನ್ಸ್' ರೇಡಿಯೋ ಕಾರ್ಯಕ್ರಮದ ಹಳೇ ಕಂತುಗಳು ಸಿಗುತ್ತವೆ. ಅದರ ಮೊದಲ ಕೆಲವು ವರ್ಷದ್ದು ಹುಡುಕಿ. ಈಚಿನವು ನನಗೆ ಅಷ್ಟು ರುಚಿಸುವುದಿಲ್ಲ.

ಇನ್ನು ನೀವು ಹೇಳಿದ ಮೈ ಜುಂ ಅನ್ನುವ ಜಾಗ. ಅದರ ಹೆಸರು ಬ್ರೇಕ್‌ಡೌನ್. ಕಿಕ್ ನಿಂತುಹೋಗುತ್ತದೆ. ಬೇಸ್ ಹೋಗುತ್ತದೆ. ಅಷ್ಟು ಹೊತ್ತು ತುಣುಕು ತುಣುಕಾಗಿ ಬಂದ ರಾಗ ಪೂರ್ತಿ ಎದುರಿಗೆ ಬಂದು ನಿಲ್ಲುತ್ತದೆ. ನನಗಂತೂ ಟ್ರಾನ್ಸ್ ಅಂದರೆ ಇದೇ. ಆದರೆ ಅದು ಕೆಲಸ ಮಾಡಬೇಕಾದರೆ ಹಿಂದಿನ ನಾಲ್ಕು ನಿಮಿಷವನ್ನು ನೀವು ಕೂತು ಕೇಳಿರಬೇಕು. ಫಾರ್ವರ್ಡ್ ಮಾಡಿ ಅಲ್ಲಿಗೇ ಹಾರಿದರೆ ಏನೂ ಆಗುವುದಿಲ್ಲ. ಬೇಕಾದರೆ ಮಾಡಿ ನೋಡಿ. ಮೂರೂವರೆ ನಿಮಿಷದ ರೇಡಿಯೋ ಎಡಿಟ್‌ಗಳನ್ನು ನಾನು ಮುಟ್ಟದೇ ಇರುವುದು ಇದಕ್ಕೇ. ಎಕ್ಸ್‌ಟೆಂಡೆಡ್ ಮಿಕ್ಸ್ ಅಂತ ಬರೆದಿರುವುದನ್ನೇ ಹುಡುಕಿ.

ಬ್ರೇಕ್‌ಡೌನ್‌ನಲ್ಲಿ ಒಂದು ದಪ್ಪ, ಅಗಲವಾದ ಸದ್ದು ಬರುತ್ತದಲ್ಲ, ಅದು ಎಲ್ಲಿಂದ ಬಂತು ಗೊತ್ತಾ? 1990ರ ದಶಕದ ಕೊನೆಗೆ ಜಪಾನಿನ ರೋಲ್ಯಾಂಡ್ ಕಂಪನಿಯ ಜೆಪಿ-8000 ಅನ್ನುವ ಕೀಬೋರ್ಡ್ ಬಂತು. ಅದರಲ್ಲಿ ಸೂಪರ್‌ಸಾ ಅಂತ ಒಂದು ಆಯ್ಕೆ. ಏಳು ಸದ್ದಿನ ಅಲೆಗಳನ್ನು ಒಂದಕ್ಕೊಂದು ಕೂದಲೆಳೆಯಷ್ಟು ಶ್ರುತಿ ತಪ್ಪಿಸಿ ಒಟ್ಟಿಗೆ ನುಡಿಸುತ್ತದೆ. ಭಜನೆಯಲ್ಲಿ ಏಳು ಜನ ಒಂದೇ ಸ್ವರ ಹಿಡಿದರೂ ಯಾರದ್ದೂ ಕರಾರುವಾಕ್ಕಾಗಿ ಒಂದೇ ಇರಲ್ಲ, ಅದಕ್ಕೇ ದನಿ ದಪ್ಪ ಕೇಳುತ್ತದೆ ಅಲ್ವಾ? ಅದೇ ಇದು. 1999ರಲ್ಲಿ ಫೆರಿ ಕೋರ್ಸ್ಟನ್ ಸಿಸ್ಟಮ್ ಎಫ್ ಅನ್ನುವ ಹೆಸರಿನಲ್ಲಿ ಮಾಡಿದ 'ಔಟ್ ಆಫ್ ದ ಬ್ಲೂ' ಹಾಕಿ ನೋಡಿ. ಆ ಸದ್ದು ಏನು ಅಂತ ಬೇರೆ ವಿವರಿಸುವುದೇ ಬೇಡ.

ಶುರುವಿಗೆ ಇದಲ್ಲದೆ ಮೂರು ಸಾಕು. ರಾಬರ್ಟ್ ಮೈಲ್ಸ್ ಅವರ 'ಚಿಲ್ಡ್ರನ್', 1995ರದ್ದು. ಪಿಯಾನೋ ಇದೆ, ಹಿಡಿದುಕೊಳ್ಳಲು ಸುಲಭ. ಇಟಲಿಯಲ್ಲಿ ಶನಿವಾರ ರಾತ್ರಿ ಕ್ಲಬ್‌ನಿಂದ ಹೊರಟ ಹುಡುಗರು ಅದೇ ಅಮಲಿನಲ್ಲಿ, ಅದೇ ವೇಗದಲ್ಲಿ ಗಾಡಿ ಓಡಿಸಿ ಸಾಯುವುದು ಜಾಸ್ತಿ ಆಗಿತ್ತು. ಮನೆಗೆ ಹೊರಡುವ ಮೊದಲು ಅವರನ್ನು ಸ್ವಲ್ಪ ತಣ್ಣಗೆ ಮಾಡಲು ಇಂಥ ಸಂಗೀತ ಹಾಕುತ್ತಿದ್ದರು. ರಾತ್ರಿ ಶಿರಾಡಿ ಘಾಟಿಯಲ್ಲಿ ಮಂಗಳೂರು ಕಡೆಯಿಂದ ಸಾಮಾನು ತರುವಾಗ ನಾನು ಹಾಕುವುದೂ ಅದನ್ನೇ. ಇನ್ನೊಂದು ಪಾಲ್ ವಾನ್ ಡೈಕ್ ಅವರ 'ಫಾರ್ ಆ್ಯನ್ ಏಂಜೆಲ್'. 1994ರಲ್ಲಿ ಮಾಡಿದ್ದು, ಹೆಸರಾಗಿದ್ದು 1998ರ ರೀಮಿಕ್ಸ್. ಬರ್ಲಿನ್ ಗೋಡೆ ಬೀಳುವ ಮೊದಲು ಆತ ಪೂರ್ವದ ಕಡೆ ಇದ್ದ ಹುಡುಗ. ಪಶ್ಚಿಮದ ರೇಡಿಯೋ ಹಿಡಿದು ಹಿಡಿದು ಸಂಗೀತ ಕಲಿತವನು. ಮೂರನೆಯದು ಎನರ್ಜಿ 52 ತಂಡದ 'ಕೆಫೆ ಡೆಲ್ ಮಾರ್', 1993.

ಕೇಳುವ ಸಾಮಾನಿನ ಬಗ್ಗೆ. ಕಿಕ್‌ನ ಹೊಟ್ಟೆ ಇರುವುದು 50 ಹರ್ಟ್ಜ್ (ಸೆಕೆಂಡಿಗೆ 50 ಕಂಪನ) ಆಸುಪಾಸಿನಲ್ಲಿ, ತೀರಾ ತಗ್ಗಿನಲ್ಲಿ. ಮೊಬೈಲ್ ಸ್ಪೀಕರ್‌ಗೆ ಅದು ಬರುವುದೇ ಇಲ್ಲ. ಬರುವುದು ಅದರ ಟಕ್ ಟಕ್ ಮಾತ್ರ. ನಿಮಗೆ ಕಿರಿಕಿರಿ ಆಗಿದ್ದು ಅದೇ. ಸಣ್ಣ ಸ್ಪೀಕರನ್ನು ಮೂಲೆಗೆ ಇಟ್ಟರೆ ಬೇಸ್ ಜಾಸ್ತಿ ಬರುತ್ತದೆ, ಆದರೆ ಗುಂಯ್ ಅಂತ ಎಲ್ಲ ಕಲಸಿಹೋಗುತ್ತದೆ. 50 ಹರ್ಟ್ಜ್‌ನ ಒಂದು ಅಲೆ ಸುಮಾರು 7 ಮೀಟರ್ ಉದ್ದ. ನಮ್ಮ ಮನೆಗಳ ರೂಮು ಅಷ್ಟು ದೊಡ್ಡದು ಎಲ್ಲಿರುತ್ತದೆ? ವೈರ್ ಇರುವ ಒಂದು ಒಳ್ಳೆ ಇಯರ್‌ಫೋನ್ ತಗೊಳ್ಳಿ. ಕಿವಿಯೊಳಗೆ ಸರಿಯಾಗಿ ಕೂರಬೇಕು, ಗಾಳಿ ಆಡಬಾರದು. ಸಡಿಲ ಇದ್ದರೆ ಬೇಸ್ ಮಾಯ.

ಅತ್ತಿಗೆಗೆ ಹೇಳಿ, ಹಾಸನದಲ್ಲಿ ಒಬ್ಬ ಮೈಕ್ ಸೆಟ್‌ನವನು ಬರೀ ಫಿಲ್ಟರ್ ಕಾಫಿ ಕುಡಿದು ಕೇಳುತ್ತಾನೆ ಅಂತ. ಕ್ಲಬ್‌ಗಳಲ್ಲಿ ಅಮಲಿನ ಮಾತ್ರೆ ಹಂಚುವವರು ಇದ್ದರು, ಈಗಲೂ ಇದ್ದಾರೆ, ಇಲ್ಲ ಅನ್ನಲ್ಲ. ಕೇಳೋದಕ್ಕೆ ಅದರ ಅಗತ್ಯ ಇಲ್ಲ. ಹೋಂಸ್ಟೇಗಳಲ್ಲಿ ಗುದ್ದುವುದು ಟ್ರಾನ್ಸ್ ಅಲ್ಲ ಸ್ವಾಮಿ, ಸಿನಿಮಾ ಹಾಡಿಗೆ ಬೀಟ್ ಅಂಟಿಸಿದ್ದು. ನನ್ನ ಬಾಕ್ಸುಗಳೇ ಹೋಗಿರುತ್ತವೆ, ನನಗೆ ಗೊತ್ತಿಲ್ವಾ. ರಾತ್ರಿ 10ರ ಮೇಲೆ ಹೊರಗಡೆ ಸ್ಪೀಕರ್ ಹಾಕುವ ಹಾಗಿಲ್ಲ ಅಂತ ನಿಯಮ ಇದೆ. ಒಬ್ಬ ಗಿರಾಕಿ ಹನ್ನೆರಡಕ್ಕೂ ಬಿಡಲಿಲ್ಲ. ನಾನೇ ಮೇನ್ ಆಫ್ ಮಾಡಿ ಸಾಮಾನು ಗಾಡಿಗೆ ತುಂಬಿದೆ. ಬಾಡಿಗೆ ಅರ್ಧ ಕೊಟ್ಟ, ಅದು ಬೇರೆ ಕಥೆ.


ಹಳೇ ಗ್ರಾಮಫೋನು (ಅರಸೀಕೆರೆ)

ಇಷ್ಟುದ್ದ ಬರೆದಿದ್ದೀರಿ, ಸಂತೋಷ. ಆದರೆ ಕೊಳಲಿಗೆ ಉಸಿರು ಬೇಕು. ವೀಣೆಗೆ ಬೆರಳು ಬೇಕು. ಇದಕ್ಕೆ ಕರೆಂಟು ಒಂದಿದ್ದರೆ ಸಾಕು. ಬಟನ್ ಒತ್ತಿದರೆ ಅದರ ಪಾಡಿಗೆ ಅದು ಬಡಿದುಕೊಳ್ಳುತ್ತದೆ. ಇದರಲ್ಲಿ ರಸಿಕತನ ಎಲ್ಲಿಂದ ಬಂತು? ಯಾವುದೋ ದೇಶದವರ ಗದ್ದಲವನ್ನು ನಮ್ಮ ಹುಡುಗರ ತಲೆಗೆ ಕಟ್ಟಬೇಡಿ.


ಬಣಕಲ್ ಪಿಟೀಲು (ಮೂಡಿಗೆರೆ)

ಗ್ರಾಮಫೋನ್ ಸಾರ್, ನಾನು ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತೇನೆ. ನಿಮ್ಮ ಪಕ್ಷದವಳೇ ಅಂದುಕೊಳ್ಳಿ. ಆದರೂ ಒಂದು ಹೆಸರು ಹೇಳುತ್ತೇನೆ. ಚರಣ್‌ಜಿತ್ ಸಿಂಗ್. ಮುಂಬಯಿಯಲ್ಲಿ ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಕಲಾವಿದರು. 1982ರಲ್ಲಿ ಅವರು ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು, ಡಿಸ್ಕೋ ತಾಳದ ಮೇಲೆ ಹತ್ತು ರಾಗ ನುಡಿಸಿ ಒಂದು ರೆಕಾರ್ಡ್ ತಂದರು. ಯಾರೂ ಕೊಳ್ಳಲಿಲ್ಲ. ಅದರಲ್ಲಿ ಅವರು ಬಳಸಿದ ಟಿಬಿ-303 ಅನ್ನುವ ಯಂತ್ರ ಇದೆಯಲ್ಲ, ಅದನ್ನು ಮಾಡಿದ್ದು ಗಿಟಾರ್ ಅಭ್ಯಾಸ ಮಾಡುವವರಿಗೆ ಜೊತೆಗೊಂದು ಬೇಸ್ ಇರಲಿ ಅಂತ. ಅದೂ ಓಡಲಿಲ್ಲ. 1984ಕ್ಕೆ ತಯಾರಿಕೆ ನಿಂತಿತು. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ಶಿಕಾಗೋ ಹುಡುಗರು ತಂದು, ಗುಂಡಿ ತಿರುಗಿಸಿ ತಿರುಗಿಸಿ, 1987ರಲ್ಲಿ 'ಆ್ಯಸಿಡ್ ಟ್ರ್ಯಾಕ್ಸ್' ಮಾಡಿದರು. ಅಲ್ಲಿಂದ ಆ್ಯಸಿಡ್ ಹೌಸ್ ಅನ್ನುವ ಪಂಥವೇ ಹುಟ್ಟಿತು. ಮುಂಬಯಿಯವರು ಐದು ವರ್ಷ ಮೊದಲೇ ಅದೇ ಯಂತ್ರದಲ್ಲಿ ಭೈರವ್ ನುಡಿಸಿದ್ದರು! 2010ರಲ್ಲಿ ಆ ರೆಕಾರ್ಡ್ ಮರುಮುದ್ರಣ ಆದಾಗ ಪಶ್ಚಿಮದವರೆಲ್ಲ ಬೆರಗಾದರು. ಅವರಿಗೂ ಇವರಿಗೂ ಪರಿಚಯ ಇರಲಿಲ್ಲ, ನೋಡಿ ಕಲಿತದ್ದೂ ಅಲ್ಲ. ಯಂತ್ರ ಒಂದೇ, ಅದನ್ನು ಕೈಗೆ ತಗೊಂಡವರು ಬೇರೆ.

ರೈಟರ್ ಅವರೇ, ಅದರಲ್ಲಿ ಭೂಪಾಲಿ ಇದೆ, ನಮ್ಮ ಮೋಹನ. ಮಾಲ್‌ಕೌನ್ಸ್ ಇದೆ, ನಮ್ಮ ಹಿಂದೋಳ. ಯಮನ್ ಅಂದರೆ ಕಲ್ಯಾಣಿ. ನಿಮಗೆ ಗೊತ್ತಿರುವ ಸಿನಿಮಾ ಹಾಡುಗಳ ಸ್ವರವೇ ಅಲ್ಲಿ ಸಿಗುತ್ತದೆ. ಜರ್ಮನಿಗೆ ಹೋಗುವ ಮೊದಲು ಇಲ್ಲಿಂದ ಹೊರಡಬಹುದು.

ಸೌಂಡ್ ಅಣ್ಣ ಹೇಳಿದ 32ರ ಲೆಕ್ಕ ನನಗೂ ತುಂಬಾ ಇಷ್ಟ. ಆದಿತಾಳದ ನಾಲ್ಕು ಆವರ್ತ ಆಯಿತಲ್ಲ! ನಾನು ತೊಡೆ ಮೇಲೆ ತಾಳ ಹಾಕುತ್ತಲೇ ಕೇಳುತ್ತೇನೆ. ಸಮಕ್ಕೆ ಬಂದಾಗ ಏನು ಸೇರಿತು ಅಂತ ತಾನಾಗಿ ತಿಳಿಯುತ್ತದೆ.

ಆದರೆ ಅಣ್ಣ, ಬ್ರೇಕ್‌ಡೌನ್ ವಿಷಯದಲ್ಲಿ ನನ್ನ ತಕರಾರು ಇದೆ. ನನಗೆ ಅದು ಹೆಚ್ಚಿನ ಸಲ ಬಲವಂತ ಅನಿಸುತ್ತದೆ. ಬೀಟ್ ನಿಲ್ಲಿಸು, ಪಿಯಾನೋ ತಾ, ಒಬ್ಬ ಹೆಂಗಸಿನ ದನಿ ತಾ, ಮೇಲೆ ಡ್ರಮ್ಮಿನ ಉರುಳು ಜೋರು ಮಾಡುತ್ತಾ ಹೋಗು, ಡಮಾರ್. ಈಗ ಕಣ್ಣೀರು ಹಾಕಿ, ಈಗ ಕೈ ಮೇಲೆತ್ತಿ ಅಂತ ಹೇಳಿಕೊಟ್ಟ ಹಾಗಿರುತ್ತದೆ. ಬಾರ್ಬರ್ ಅನ್ನುವ ಅಮೆರಿಕದ ರಚನಕಾರ 1936ರಲ್ಲಿ ತಂತಿವಾದ್ಯಕ್ಕೆ ಬರೆದ 'ಅಡಾಜಿಯೋ' ಇದೆ. ಪಿಟೀಲಿನಲ್ಲಿ ಅದು ಏರುವ ರೀತಿ ಏನು ಅಂತೀರಿ! ಟಿಯೆಸ್ಟೊ ಅನ್ನುವ ಟ್ರಾನ್ಸ್ ಡಿಜೆ ಅದನ್ನು ತಗೊಂಡು ಕೆಳಗೆ ಕಿಕ್ ಇಟ್ಟರು. ಜಗತ್ತೇ ಕುಣಿಯಿತು. ನನಗೆ ಮಾತ್ರ ಯಾರೋ ಆಲಾಪನೆ ನಡುವೆ ಎದ್ದು ಚಪ್ಪಾಳೆ ತಟ್ಟಿದರೇನೋ ಅನಿಸಿತು.

ನನ್ನ ರುಚಿ ಬೇರೆ. ಯಾವ ಜಾಗವೂ ಇದೇ ತುದಿ ಅಂತ ಕೂಗಿ ಹೇಳದ ಸಂಗೀತ ನನಗೆ ಬೇಕು. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ 1974ರಲ್ಲಿ ಮಾಡಿದ 'ಆಟೋಬಾನ್' 22 ನಿಮಿಷ ದಾಟುತ್ತದೆ. ಹೆದ್ದಾರಿಯಲ್ಲಿ ಕಾರು ಹೋಗುತ್ತಲೇ ಇರುತ್ತದೆ, ಅಷ್ಟೇ. ಅದೇ ವರ್ಷದ್ದು ಟ್ಯಾಂಜರಿನ್ ಡ್ರೀಮ್ ತಂಡದ 'ಫೇಡ್ರಾ'. ಅದರಲ್ಲಿ ಸೀಕ್ವೆನ್ಸರ್ (ಸ್ವರಗಳ ಸಾಲನ್ನು ತಾನೇ ಮತ್ತೆ ಮತ್ತೆ ನುಡಿಸುವ ಯಂತ್ರ) ಶ್ರುತಿ ಮೆಲ್ಲಗೆ ಜಾರುವುದು ಕೇಳುತ್ತದೆ. ಯಂತ್ರ ಬಿಸಿ ಆದಾಗ ಆಗಿನ ಸಿಂಥ್‌ಗಳು, ಅಂದರೆ ಕರೆಂಟಿನಿಂದ ಸ್ವರ ಹುಟ್ಟಿಸುವ ವಾದ್ಯಗಳು, ಹಾಗೆ ಜಾರುತ್ತಿದ್ದವು. ಅದನ್ನು ಅವರು ಹಾಗೇ ಉಳಿಸಿಕೊಂಡರು. ಗ್ರಾಮಫೋನ್ ಸಾರ್, ಮಳೆಗಾಲದಲ್ಲಿ ನನ್ನ ಪಿಟೀಲೂ ಇದನ್ನೇ ಮಾಡುತ್ತದೆ.


ಸೌಂಡ್ ಬಾಕ್ಸ್ (ಹಾಸನ)

ಅಕ್ಕ, ಬೈದರೂ ಚೆನ್ನಾಗಿ ಬೈದಿರಿ. ಅರ್ಧ ಒಪ್ಪುತ್ತೇನೆ.

ಒಪ್ಪುವ ಅರ್ಧ ಇದು. 2000 ಆದ ಮೇಲೆ ಬಂದ ಎಷ್ಟೋ ಟ್ರ್ಯಾಕ್‌ಗಳಲ್ಲಿ ಬ್ರೇಕ್‌ಡೌನ್ ಒಂದು ಅಚ್ಚು ಆಗಿಹೋಯಿತು. ಯಾವ ಜಾಗಕ್ಕೆ ಏನು ಬರುತ್ತದೆ ಅಂತ ಮೊದಲೇ ಹೇಳಬಹುದು. ಅಂಥವು ನನ್ನ ಹತ್ತಿರವೂ ರಾಶಿ ಇವೆ, ಈಗ ಹಾಕುವುದಿಲ್ಲ. ಒಪ್ಪದ ಅರ್ಧ ಅಂದರೆ, 'ಕೆಫೆ ಡೆಲ್ ಮಾರ್' ಅನ್ನು ನೀವು ಆ ಲೆಕ್ಕಕ್ಕೆ ಸೇರಿಸಬಾರದು. ಅಲ್ಲಿ ರಾಗ ಏಕ್‌ದಂ ಬೀಳುವುದಿಲ್ಲ. ಮೊದಲಿಂದಲೂ ಒಳಗೊಳಗೇ ಓಡಾಡುತ್ತಿರುತ್ತದೆ. ಬೀಟ್ ಸರಿದಾಗ ಕಾಣುತ್ತದೆ, ಅಷ್ಟೇ. ಬಲವಂತ ಎಲ್ಲಿದೆ ಹೇಳಿ. ಮತ್ತೆ ಇದು ಒಬ್ಬರೇ ಕೂತು ಕೇಳಲೆಂದೇ ಮಾಡಿದ್ದಲ್ಲ. ಸಾವಿರ ಜನ ನಿಂತ ಕಡೆ ಬೇಸ್ ಹೊಡೆಯುವ ದೊಡ್ಡ ಸಬ್‌ವೂಫರ್‌ಗಳು ಒಮ್ಮೆಗೇ ಸುಮ್ಮನಾದರೆ ಎದೆ ಮೇಲಿಂದ ಭಾರ ಇಳಿದಂತಾಗುತ್ತದೆ. ಗಣಪತಿ ಮೆರವಣಿಗೆಯಲ್ಲಿ ನಾನು ಜನರೇಟರ್ ಬದಲಿಸುವಾಗ ಅದು ಆಗುತ್ತದೆ. ಜನ ಬೈಯುತ್ತಾರೆ, ನನಗೆ ಖುಷಿ.

ಗೋವಾದ್ದು ಒಂದು ವಿಷಯ ಹೇಳಬೇಕು, ಅಕ್ಕನಿಗೆ ಇಷ್ಟ ಆಗಬಹುದು. ಅಂಜುನಾ ಬೀಚ್‌ನಲ್ಲಿ ಹಿಪ್ಪಿಗಳ ಕಾಲದಿಂದ ರಾತ್ರಿಯಿಡೀ ಸಂಗೀತ ಇತ್ತು. ಅಲ್ಲಿನ ಸೆಖೆಗೆ ವಿನೈಲ್ ತಟ್ಟೆಗಳು ಬಾಗುತ್ತಿದ್ದವು. ಅದಕ್ಕೆ ಡಿಜೆಗಳು ಡ್ಯಾಟ್ ಅನ್ನುವ ಸಣ್ಣ ಡಿಜಿಟಲ್ ಟೇಪ್ ಬಳಸುತ್ತಿದ್ದರು. ಟೇಪಿನಲ್ಲಿ ವೇಗ ಹೊಂದಿಸಿ ಒಂದರ ಮೇಲೊಂದು ಕೂರಿಸುವುದು ಕಷ್ಟ. ಹಾಗಾಗಿ ಗೋವಾ ಟ್ರಾನ್ಸ್‌ನಲ್ಲಿ ಶುರುವಿಗೂ ಕೊನೆಗೂ ತಾಳ ಇಲ್ಲದ ಉದ್ದುದ್ದ ಭಾಗ ಇರುತ್ತದೆ. ಒಂದು ಮುಳುಗುತ್ತಾ ಇನ್ನೊಂದು ಏಳುತ್ತದೆ. ಬಿಸಿಲು, ಟೇಪು ಸೇರಿ ಸಂಗೀತದ ಆಕಾರವನ್ನೇ ಬದಲಿಸಿಬಿಟ್ಟವು. ನಮ್ಮ ಕಸುಬಿನವರಿಗೆ ಇಂಥದ್ದು ಕೇಳಿದರೆ ಹಬ್ಬ. ಆ ಪಂಥದಲ್ಲಿ ಹ್ಯಾಲುಸಿನೋಜೆನ್ (ಭ್ರಮೆ ಹುಟ್ಟಿಸುವ ವಸ್ತು ಅಂತ ಆ ಹೆಸರಿನ ಅರ್ಥ) ಅವರ 1995ರ 'ಟ್ವಿಸ್ಟೆಡ್' ಕೇಳಿ. ರಾಗಕ್ಕಿಂತ ಸದ್ದಿನ ನೇಯ್ಗೆ ಜಾಸ್ತಿ. ಅತ್ತಿಗೆ ಮನೆಯಲ್ಲಿದ್ದಾಗ ಹಾಕಬೇಡಿ ರೈಟರ್ ಅವರೇ, ಅವರ ಅನುಮಾನ ಗಟ್ಟಿ ಆಗುತ್ತದೆ.

ಅದೇ ಅಂಜುನಾ ಹೆಸರನ್ನೇ ಲಂಡನ್ನಿನ ಅಬೌ ಆ್ಯಂಡ್ ಬಿಯಾಂಡ್ ತಂಡದವರು ತಮ್ಮ ಕಂಪನಿಗೆ ಇಟ್ಟರು, ಅಂಜುನಾಬೀಟ್ಸ್ ಅಂತ. 2000ರಲ್ಲಿ ಶುರುವಾಯಿತು. ಅವರ 'ಟ್ರಾನ್ಸ್ ಅರೌಂಡ್ ದ ವರ್ಲ್ಡ್' ರೇಡಿಯೋ ಕಾರ್ಯಕ್ರಮದ ಕೊನೆಯ, 450ನೇ ಕಂತು ನಡೆದಿದ್ದು ಎಲ್ಲಿ ಗೊತ್ತಾ? 2012ರ ನವೆಂಬರ್‌ನಲ್ಲಿ, ನಮ್ಮ ಬೆಂಗಳೂರಿನಲ್ಲಿ. ಹಾಸನದಿಂದ ರಾತ್ರಿ ಬಸ್ ಹಿಡಿದರೆ ಆಯಿತು. ಅವತ್ತು ಚನ್ನರಾಯಪಟ್ಟಣದಲ್ಲಿ ನನಗೆ ಮದುವೆ ಆರ್ಡರ್. ಆರತಕ್ಷತೆಯಲ್ಲಿ ಆರ್ಕೆಸ್ಟ್ರಾದವರಿಗೆ ತಮ್ಮ ಸದ್ದು ತಮಗೆ ಕೇಳಲೆಂದು ಮಾನಿಟರ್ ಸ್ಪೀಕರ್ ಇಟ್ಟುಕೊಂಡು ನಿಂತಿದ್ದೆ. ಅಡ್ವಾನ್ಸ್ ತಗೊಂಡಾಗಿತ್ತಲ್ಲ, ಏನು ಮಾಡೋದು. ಆಮೇಲೆ ರೆಕಾರ್ಡಿಂಗ್ ಕೇಳಿದೆ. ಜನರ ಕೂಗಿನಲ್ಲೇ ಗೊತ್ತಾಗುತ್ತದೆ, ನಮ್ಮವರು ಎಂಥ ಕೇಳುಗರು ಅಂತ.

ಗ್ರಾಮಫೋನ್ ಸಾರ್, ಬಟನ್ ಒತ್ತಿದರೆ ಬಡಿದುಕೊಳ್ಳುತ್ತದೆ ಅಂದಿರಿ. ಸರಿ. ಯಾವಾಗ ನಿಲ್ಲಿಸಬೇಕು ಅಂತ ಬಟನ್‌ಗೆ ಗೊತ್ತಿರಲ್ಲ. ಫಿಲ್ಟರ್ ಗುಂಡಿಯನ್ನು ಎಷ್ಟು ನಿಧಾನಕ್ಕೆ ತಿರುಗಿಸಬೇಕು ಅನ್ನೋದು ಕೈಗೆ ಗೊತ್ತಿರಬೇಕು. ಎರಡು ನಿಮಿಷ ಬಿಡದೆ ಒಂದೇ ಗುಂಡಿ ತಿರುಗಿಸುವ ತಾಳ್ಮೆ ನನ್ನ ಅಂಗಡಿ ಹುಡುಗರಿಗಂತೂ ಇಲ್ಲ.


ಹಳೇ ಗ್ರಾಮಫೋನು (ಅರಸೀಕೆರೆ)

ಆ ಮುಂಬಯಿಯವರ ಹಿಂದೋಳ ಕೇಳಿದೆ. ಯಂತ್ರದಲ್ಲಿ ಜಾರು ಪರವಾಗಿಲ್ಲ, ಬಂದಿದೆ. ಹಿಂದಿನ ಬಡಿತ ತೆಗೆದರೆ ಇನ್ನೂ ಚೆನ್ನಾಗಿತ್ತು. ಉಳಿದದ್ದಕ್ಕೆ ನನ್ನ ಮಾತು ಹಿಂದೆ ತಗೊಳ್ಳಲ್ಲ.


ಆಲ್ದೂರ್ ರೈಟರ್ (ಚಿಕ್ಕಮಗಳೂರು)

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ ಮಾರಾಯ್ರೇ. ಎಲ್ಲರಿಗೂ ಥ್ಯಾಂಕ್ಸ್.

ಭಾನುವಾರ ಚಿಕ್ಕಮಗಳೂರಿಗೆ ಹೋಗಿ ವೈರಿನ ಇಯರ್‌ಫೋನ್ ತಂದೆ. ಸೌಂಡ್ ಅಣ್ಣ ಹೇಳಿದ ಹಾಗೆ 32 ಎಣಿಸುತ್ತಾ 'ಫಾರ್ ಆ್ಯನ್ ಏಂಜೆಲ್' ಕೇಳಿದೆ. ಎಣಿಸುತ್ತಾ ಎಣಿಸುತ್ತಾ ಎಲ್ಲೋ ಎಣಿಕೆ ಬಿಟ್ಟುಹೋಯಿತು, ಆದರೆ ಬದಲಾಗುವ ಜಾಗ ಬಂದಾಗ ತಾನಾಗಿ ಗೊತ್ತಾಗುತ್ತಿತ್ತು. ಮುಂಚೆ ಡಬ್ ಡಬ್ ಅಷ್ಟೇ ಇದ್ದ ಕಡೆ ಈಗ ಅದರ ಸಂದಿಯ ಬೇಸ್ ಕೇಳುತ್ತಿದೆ. ಅದು ಮೊಬೈಲ್‌ನಲ್ಲಿ ಇರಲೇ ಇಲ್ಲ! ಫಾರ್ವರ್ಡ್ ಮಾಡಿ ಬ್ರೇಕ್‌ಡೌನ್‌ಗೆ ಹಾರಿಯೂ ನೋಡಿದೆ. ಅಣ್ಣ ಅಂದ ಹಾಗೇ ಆಯಿತು. ಸಪ್ಪೆ.

'ಚಿಲ್ಡ್ರನ್' ಪಿಯಾನೋ ಅತ್ತಿಗೆಗೂ ಇಷ್ಟ ಆಯಿತು. ಇದು ಟ್ರಾನ್ಸ್ ಅಂತ ನಾನು ಹೇಳಿಲ್ಲ. ಅಕ್ಕ ಹೇಳಿದ 'ಆಟೋಬಾನ್' ಅರ್ಧಕ್ಕೆ ನಿದ್ದೆ ಬಂತು. ಕ್ಷಮಿಸಿ ಅಕ್ಕ, ಕೊಯ್ಲಿನ ದಿನ ಆಗಿತ್ತು. ಹೆಣ್ಣು ದನಿ ಇರುವ ಟ್ರಾನ್ಸ್ ಪೆನ್‌ಡ್ರೈವ್‌ನಲ್ಲಿ ಜಾಸ್ತಿ ಇದೆ. ಅದು ನನಗೆ ಹಿಡಿಸಲಿಲ್ಲ. ಇಂಗ್ಲಿಷ್ ಸಾಲುಗಳೆಲ್ಲ ಆಕಾಶ, ಬೆಳಕು, ನೀನು, ನಾನು, ಅಷ್ಟೇ.

ಒಂದು ಕೊನೇ ಪ್ರಶ್ನೆ. ಸಂಜೆ ಪಲ್ಪರ್ ಹತ್ತಿರ ಎರಡು ಮೂರು ಗಂಟೆ ನಿಲ್ಲಬೇಕು. ಆಗ ಇಯರ್‌ಫೋನ್ ಹಾಕಿಕೊಂಡು ಮಿಕ್ಸ್ ಕೇಳಬಹುದಾ? ಮೋಟಾರಿನ ಸದ್ದು ಜೋರಿರುತ್ತದೆ, ಅದನ್ನು ಮೀರಿಸಲು ವಾಲ್ಯೂಮ್ ಜಾಸ್ತಿ ಇಡಬೇಕಾಗುತ್ತದೆ.


ಬಣಕಲ್ ಪಿಟೀಲು (ಮೂಡಿಗೆರೆ)

ನಿದ್ದೆ ಬಂದರೆ ತಪ್ಪಿಲ್ಲ, 'ಆಟೋಬಾನ್' ಅದಕ್ಕೂ ಒಳ್ಳೆಯದೇ. ಹೆಣ್ಣು ದನಿ ಬೇಡ ಅಂದಿದ್ದೀರಿ, ಸೌಂಡ್ ಅಣ್ಣನಿಗಿಂತ ನನ್ನ ಕಡೆಗೆ ಬರುತ್ತಿದ್ದೀರಿ ಅಂತ ಲೆಕ್ಕ. ಕೊಯ್ಲು ಮುಗಿದು ಸ್ವಲ್ಪ ಬಿಡುವಾದ ಮೇಲೆ 'ಫೇಡ್ರಾ' ಕೇಳಿ.


ಸೌಂಡ್ ಬಾಕ್ಸ್ (ಹಾಸನ)

ಪಲ್ಪರ್ ಹತ್ತಿರ ಬೇಡವೇ ಬೇಡ. ಮೋಟಾರ್ ಸದ್ದಿನ ಮೇಲೆ ಸಂಗೀತ ಏರಿಸಿದರೆ ಎರಡೂ ಸೇರಿ ಕಿವಿಗೆ ಬೀಳುತ್ತವೆ. 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹೇಳಿದೆ. ಪ್ರತಿ 3 ಡೆಸಿಬೆಲ್ ಏರಿದ ಹಾಗೆ ಆ ಹೊತ್ತು ಅರ್ಧ ಆಗುತ್ತದೆ. 89ಕ್ಕೆ ವಾರಕ್ಕೆ ಐದೇ ಗಂಟೆ. ನೀವು ಎರಡು ಸಂಜೆಯಲ್ಲೇ ಮುಗಿಸುತ್ತೀರಿ. ನಮ್ಮ ಕಸುಬಿನಲ್ಲಿ ಕಿವಿಯೊಳಗೆ ಸದಾ ಕುಯ್ಯ್ ಅನ್ನಿಸಿಕೊಂಡು ಓಡಾಡುವವರನ್ನು ಎಷ್ಟೋ ನೋಡಿದ್ದೇನೆ. ಅದಕ್ಕೆ ಔಷಧಿ ಇಲ್ಲ. ಅಷ್ಟೇ ಅಲ್ಲ, ಬೆಲ್ಟ್ ಜಾರಿದರೆ, ಯಾರಾದರೂ ಕೂಗಿದರೆ, ಕೇಳಿಸಬೇಕಲ್ಲ. ಅಲ್ಲಿ ಕಿವಿಗೆ ಇಯರ್‌ಮಫ್ ಹಾಕಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ರಾತ್ರಿ ಊಟ ಆದ ಮೇಲೆ ಮಿಕ್ಸ್ ಹಾಕಿ. ತೋಟದ ಮನೆಯಲ್ಲಿ ಆ ಹೊತ್ತಿಗೆ ವಾಲ್ಯೂಮ್ ಅರ್ಧಕ್ಕಿಂತ ಕಮ್ಮಿ ಇಟ್ಟರೂ ಬೇಸ್ ಸಾಕಷ್ಟು ಬರುತ್ತದೆ.

ಹೆಣ್ಣು ದನಿ ಹಿಡಿಸದಿದ್ದರೆ ಆಯಾ ಟ್ರ್ಯಾಕ್‌ನ ಡಬ್ ಮಿಕ್ಸ್ ಇದೆಯಾ ನೋಡಿ. ಹಾಡು ತೆಗೆದು, ಇಲ್ಲವೇ ಒಂದೆರಡು ತುಣುಕು ಮಾತ್ರ ಉಳಿಸಿ ಮಾಡಿರುತ್ತಾರೆ. ಅಕ್ಕನ ಪಾರ್ಟಿಗೆ ಸೇರುವ ಮೊದಲು ಅದನ್ನೊಂದು ಕೇಳಿಬಿಡಿ.